ಗಣಕದ ಮೊದಲ ಮಾತು

ಯಾವ ಕೆಲಸಕ್ಕೂ ಒಂದು ಮೊದಲ ಮಾತು ಬೇಕು. ಬಯಲಾಟ ಗಣಪತಿಯ ಸ್ತುತಿಯಿಂದ ಮೊದಲಾಗುತ್ತದೆ. ಅಂಗಡಿಯ ಲೆಕ್ಕದ ಪುಸ್ತಕ ಶ್ರೀಕಾರದಿಂದ. ಗಣಕಯಂತ್ರಕ್ಕೂ ಇಂಥದೊಂದು ಮೊದಲ ಮಾತುಂಟು. ಗುಂಡಿಯನ್ನು ಒತ್ತಿದೊಡನೆ ಅದು ಆ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತದೆ, ಉಳಿದುದೆಲ್ಲ ಆಮೇಲಿನದು. ಆ ಮಾತು ತಪ್ಪಿದಾಗ ಪರದೆ ಕಪ್ಪಾಗಿ ನಿಲ್ಲುತ್ತದೆ. ಅಂಥ ಹೊತ್ತಿನಲ್ಲಿ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳ ಶಾಲೆ, ಅಂಗಡಿ, ಮನೆಗಳಲ್ಲಿರುವ ಗಣಕಗಳ ದುರಸ್ತಿ ನನ್ನ ವೃತ್ತಿ. ಸಿಮೆಂಟಿನ, ಫರಸಿಕಲ್ಲಿನ, ತೊಗರಿಯ ಸೀಮೆ ಇದು. “ಚಾಲೂನೇ ಆಗವಲ್ದ್ರಿ ಸರ, ಸತ್ತೇ ಹೋಗ್ಯಾದ” ಎಂದು ವಾರಕ್ಕೆ ನಾಲ್ಕಾರು ಕರೆಗಳಾದರೂ ಬರುತ್ತವೆ. ಸತ್ತಿದೆ ಎಂಬ ಈ ತೀರ್ಪು ಬಹುಮಟ್ಟಿಗೆ ಅವಸರದ್ದು.

ಯಂತ್ರದೊಳಗೆ ನಡೆಯುವುದೇನೆಂದು ಮೊದಲು ನೋಡೋಣ. ವಿದ್ಯುತ್ತು ತಾಕಿದ ಕ್ಷಣದಲ್ಲಿ ಗಣಕದ ಮಿದುಳಾದ ಪ್ರೊಸೆಸರಿಗೆ ಏನೊಂದೂ ತಿಳಿದಿರುವುದಿಲ್ಲ. ಪರದೆ ಇದೆಯೆಂದಾಗಲಿ, ಡಿಸ್ಕ್ ಇದೆಯೆಂದಾಗಲಿ ಅದು ಅರಿಯದು. ಒಂದು ನಿಶ್ಚಿತ ವಿಳಾಸಕ್ಕೆ ಹೋಗಿ ಅಲ್ಲಿ ಬರೆದುದನ್ನು ಓದಬೇಕೆಂಬುದೊಂದೇ ಅದರ ಹುಟ್ಟುಗುಣ. ಆ ವಿಳಾಸದಲ್ಲಿರುವ ಬರೆಹ ಮದರ್‌ಬೋರ್ಡಿನ ಮೇಲೆ, ಸಾಮಾನ್ಯವಾಗಿ ಎಂಟು ಕಾಲಿನ ಒಂದು ಪುಟ್ಟ ಚಿಪ್ಪಿನಲ್ಲಿ ಅಡಗಿರುತ್ತದೆ. ನೆನಪಿನ ಪಟ್ಟಿಗಳು ಸರಿಯಿವೆಯೇ, ಕೀಲಿಮಣೆ ಇದೆಯೇ, ಡಿಸ್ಕ್ ಎಲ್ಲಿದೆ ಎಂದು ವಿಚಾರಿಸಿ, ಕೊನೆಗೆ ಡಿಸ್ಕಿನಲ್ಲಿರುವ ವಿಂಡೋಸಿಗೋ ಲಿನಕ್ಸಿಗೋ ಯಜಮಾನಿಕೆಯನ್ನು ಒಪ್ಪಿಸಿಕೊಡುವುದು ಅದರ ಕರ್ತವ್ಯ. ಹಾರ್ಡ್‌ವೇರಿನಷ್ಟು ಗಟ್ಟಿಯೂ ಅಲ್ಲದ, ಸಾಫ್ಟ್‌ವೇರಿನಷ್ಟು ಮೃದುವೂ ಅಲ್ಲದ ಈ ನಡುವಣ ವಸ್ತುವಿಗೆ ‘ಫರ್ಮ್‌ವೇರ್’ ಎಂದು ಹೆಸರು. ೧೯೬೭ರಲ್ಲಿ ಆಶರ್ ಓಪ್ಲರ್ ಎಂಬಾತ ಟಂಕಿಸಿದ ಪದ ಅದು. ಹಳೆಯ ಯಂತ್ರಗಳಲ್ಲಿ ಇದನ್ನು ‘ಬಯಾಸ್’ ಎನ್ನುತ್ತಿದ್ದರು. ಈಗಿನವುಗಳಲ್ಲಿ ‘ಯುಇಎಫ್‌ಐ’ ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಚಿಂಚೋಳಿಯ ಕಡೆಯ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಗಣಕವನ್ನು ಹೊತ್ತು ತಂದರು. ಡಿಸ್ಕ್ ಸಿಕ್ಕಲಿಲ್ಲವೆಂಬ ಒಂದೇ ಸಾಲು ಪರದೆಯ ಮೇಲೆ ಮೂಡಿ ನಿಲ್ಲುತ್ತಿತ್ತು. ಯಾವುದೋ ಅಂಗಡಿಯಲ್ಲಿ ಎಲ್ಲವನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕೆಂದಿದ್ದರಂತೆ. “ಬರದಿದ್ದೆಲ್ಲಾ ಹೋಗ್ತದಂತ ಹೇಳ್ಯಾರಪ್ಪಾ” ಎಂದರು. ಅವರು ಬರೆದದ್ದಾದರೂ ಏನು? ಹಳ್ಳಿಹಳ್ಳಿ ತಿರುಗಿ ಕೂಡಿಹಾಕಿದ ಬೀಸುವ ಪದಗಳು, ಮೊಹರಂ ಪದಗಳು, ತತ್ವಪದಗಳು. ಹಾಡಿದ ಮುದುಕಿಯರಲ್ಲಿ ಹಲವರು ಆಗಲೇ ಕಣ್ಮರೆಯಾಗಿದ್ದರು.

ಫರ್ಮ್‌ವೇರಿನ ಪುಟವನ್ನು ತೆರೆದು ನೋಡಿದಾಗ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಸರಿದಿತ್ತು. ರೋಗದ ಮೂಲ ಅಲ್ಲಿಯೇ ತಿಳಿಯಿತು. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ೩ ವೋಲ್ಟಿನ ಒಂದು ಸೆಲ್ ಇರುತ್ತದೆ. ೨೦೩೨ ಎಂಬ ಅದರ ಹೆಸರಿನಲ್ಲೇ ಅಳತೆಯೂ ಇದೆ: ೨೦ ಮಿಲಿಮೀಟರ್ ಅಗಲ, ೩.೨ ಮಿಲಿಮೀಟರ್ ದಪ್ಪ. ಯಂತ್ರ ಆರಿದ್ದಾಗ ಗಡಿಯಾರವನ್ನು ನಡೆಸುವುದು ಅದೇ. ಎಷ್ಟೋ ಯಂತ್ರಗಳಲ್ಲಿ ನಾವು ಮಾಡಿಟ್ಟ ಏರ್ಪಾಟುಗಳನ್ನು ಕಾಯುವುದೂ ಅದೇ. ಸೆಲ್ ತೀರಿದುದರಿಂದ ಏರ್ಪಾಟುಗಳೆಲ್ಲ ಕಾರಖಾನೆಯಲ್ಲಿದ್ದ ಸ್ಥಿತಿಗೆ ಮರಳಿದ್ದವು. ಅವರ ವಿಂಡೋಸ್ ಹಳೆಯ ಕ್ರಮದಲ್ಲಿ ಸ್ಥಾಪಿತವಾದದ್ದು. ಫರ್ಮ್‌ವೇರು ಅದನ್ನು ಹೊಸ ಕ್ರಮದಲ್ಲಿ ಹುಡುಕುತ್ತಿತ್ತು. ಶಹಾಬಾದಿನ ಕಡೆಯಿಂದ ಬಂದ ಗಾಡಿ ವಾಡಿ ಜಂಕ್ಷನ್ನಿನಲ್ಲಿ ಚಿತ್ತಾಪುರ, ಸೇಡಂಗಳ ದಾರಿ ಹಿಡಿಯಬೇಕಾದದ್ದು ರಾಯಚೂರಿನ ಕಡೆ ತಿರುಗಿದರೆ ದೋಷ ಎಂಜಿನ್ನಿನದಲ್ಲ, ಹಳಿ ಜೋಡಿಸಿದ್ದರದು. ನಾಲ್ಕಾರು ಚಹಾದ ಬೆಲೆಯ ಸೆಲ್ಲೊಂದನ್ನು ಹಾಕಿ, ಹಳೆಯ ಕ್ರಮವನ್ನು ಆರಿಸಿದೆ. ಪದಗಳೆಲ್ಲ ಇದ್ದಲ್ಲಿಯೇ ಇದ್ದವು.

ಈ ಸೆಲ್ಲಿಗೆ ಇನ್ನೊಂದು ಸ್ವಭಾವವಿದೆ. ಯಂತ್ರಕ್ಕೆ ಗೋಡೆಯ ವಿದ್ಯುತ್ತು ಇರುವತನಕ ಅದರ ಶ್ರಮ ಕಡಿಮೆ. ಮೇನ್ ಸ್ವಿಚ್ಚನ್ನೇ ಆರಿಸಿಟ್ಟರೆ ಅದು ಬೇಗ ಸವೆಯುತ್ತದೆ. ಬೇಸಿಗೆಯ ರಜೆ ಮುಗಿದು ಶಾಲೆಗಳು ತೆರೆದಾಗ ನನಗೆ ಬಿಡುವಿಲ್ಲದಿರುವುದಕ್ಕೆ ಇದೇ ಕಾರಣ.

ಆದ್ದರಿಂದ ಪರೀಕ್ಷೆಗೆ ಒಂದು ಕ್ರಮ ಬೇಕು. ದೀಪ ಹತ್ತಿದೆಯೇ, ಫ್ಯಾನ್ ತಿರುಗುತ್ತಿದೆಯೇ ಎಂದು ಮೊದಲು ನೋಡಬೇಕು. ಯಂತ್ರ ‘ಬೀಪ್’ ಎಂದು ಕೂಗಿದರೆ ಕೂಗುಗಳನ್ನು ಎಣಿಸಬೇಕು. ಪರದೆ ಹೊತ್ತುವ ಮುಂಚೆ ಫರ್ಮ್‌ವೇರು ದೂರು ಹೇಳಿಕೊಳ್ಳುವ ಭಾಷೆ ಅದು, ತಯಾರಕರಿಂದ ತಯಾರಕರಿಗೆ ಅರ್ಥ ಬೇರೆ. ನಮ್ಮ ಕಡೆ ಸಿಮೆಂಟಿನ, ಕಲ್ಲಿನ ಧೂಳು ಬಹಳ. ವಿದ್ಯುತ್ತನ್ನು ಕಿತ್ತು, ನೆನಪಿನ ಪಟ್ಟಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಎಷ್ಟೋ ‘ಸತ್ತ’ ಯಂತ್ರಗಳು ಕಣ್ಣು ಬಿಡುತ್ತವೆ. ಪರದೆ ಮೂಡಿತೋ, ಡಿಲೀಟ್ ಇಲ್ಲವೆ ಎಫ್-೨ ಕೀಲಿಯನ್ನು ಒತ್ತಿ ಫರ್ಮ್‌ವೇರಿನ ಪುಟಕ್ಕೆ ಹೋಗಿ, ಗಡಿಯಾರವನ್ನೂ ಡಿಸ್ಕಿನ ಹೆಸರನ್ನೂ ಆರಂಭದ ಸರದಿಯನ್ನೂ ನೋಡಬೇಕು. ಡಿಸ್ಕಿನ ಹೆಸರು ಅಲ್ಲಿ ಕಂಡರೆ ಅರ್ಧ ಆತಂಕ ಹೋದಂತೆಯೇ.

ಫರ್ಮ್‌ವೇರೇ ಕೆಟ್ಟಿರುವ ಸಂದರ್ಭ ಅಪರೂಪ, ಆದರೆ ಉಂಟು. ೧೯೮೧ರಲ್ಲಿ ಐಬಿಎಂ ಕಂಪನಿಯ ಪರ್ಸನಲ್ ಕಂಪ್ಯೂಟರ್ ಬಂದಾಗ ಈ ಬರೆಹವನ್ನು ತಿದ್ದಲು ಬರುತ್ತಿರಲಿಲ್ಲ, ಅದು ಶಿಲಾಶಾಸನದಂತಿತ್ತು. ಮುಂದೆ ಅಳಿಸಿ ಬರೆಯಬಹುದಾದ ಚಿಪ್ಪುಗಳು ಬಂದವು. ತಿದ್ದುವ ಅನುಕೂಲದೊಡನೆ ಕೆಡುವ ಅಪಾಯವೂ ಬಂದಿತು. ತೈವಾನಿನ ವಿದ್ಯಾರ್ಥಿಯೊಬ್ಬ ೧೯೯೮ರಲ್ಲಿ ಹುಟ್ಟಿಸಿದ ‘ಚೆರ್ನೋಬಿಲ್’ ಎಂಬ ವೈರಸ್ಸು ೧೯೯೯ರ ಏಪ್ರಿಲ್ ೨೬ರಂದು ಏಷ್ಯದ ಹಲವು ದೇಶಗಳಲ್ಲಿ ಈ ಚಿಪ್ಪುಗಳ ಬರೆಹವನ್ನೇ ಕೆಡಿಸಿತು. ಈಗ ಹೆಚ್ಚಿನ ಭಯ ವೈರಸ್ಸಿನದಲ್ಲ, ಕರೆಂಟಿನದು. ಫರ್ಮ್‌ವೇರಿನ ಹೊಸ ಆವೃತ್ತಿಯನ್ನು ಬರೆಯುತ್ತಿರುವಾಗ ನಡುವೆ ಕರೆಂಟು ಹೋದರೆ ಅರ್ಧ ಅಳಿಸಿದ ಹಲಗೆಯೊಂದೇ ಉಳಿಯುತ್ತದೆ. ಇಂಥ ಯಂತ್ರವನ್ನು ಇಂಗ್ಲಿಷಿನವರು ಇಟ್ಟಿಗೆಯೆನ್ನುತ್ತಾರೆ. ನಾವು ಶಹಾಬಾದ ಕಲ್ಲು ಎನ್ನಬಹುದು.

ಆ ಕಲ್ಲಿಗೂ ಮರುಜೀವವುಂಟು. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ೧೯೮೬ರಲ್ಲಿ ಗುಡಿಯ ಮಾಡು ಕುಸಿದಾಗ, ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳು ಕಂಡವು. ಮೂರ್ತಿಯನ್ನು ನಿಲ್ಲಿಸಲು ಯಾರೋ ಕಲ್ಲಿನ ನಡುವೆ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋಗಿದ್ದವು. ಆದರೂ ವಿದ್ವಾಂಸರು ಅದರ ಪಾಠವನ್ನು ಗುರುತಿಸಿದರು. ಏಕೆಂದರೆ ಅದೇ ಮಾತುಗಳನ್ನು ಅಶೋಕ ಒಡಿಶಾದ ಧೌಲಿ, ಜೌಗಡ ಮೊದಲಾದ ಕಡೆಗಳಲ್ಲಿಯೂ ಕೆತ್ತಿಸಿದ್ದ. ಫರ್ಮ್‌ವೇರಿನ ಚಿಕಿತ್ಸೆಯೂ ಹೀಗೆಯೇ. ಅದೇ ಮಾದರಿಯ ಬೋರ್ಡಿನ ಪ್ರತಿಯನ್ನು ತಯಾರಕರಿಂದ ಪಡೆದು, ಚಿಪ್ಪಿನ ಕಾಲುಗಳಿಗೆ ಕ್ಲಿಪ್ ಸಿಕ್ಕಿಸಿ, ಮತ್ತೆ ಬರೆಯಬಹುದು. ಕೆಲವು ಬೋರ್ಡುಗಳಲ್ಲಿ ಎರಡನೆಯ ಚಿಪ್ಪೇ ಕಾದಿರುತ್ತದೆ.

ಪ್ರತಿ ಇದ್ದುದು ಉಳಿಯುತ್ತದೆ. ತಯಾರಕರು ಬರೆದ ಮೊದಲ ಮಾತಿಗೆ ಪ್ರತಿಗಳು ಬೇಕಾದಷ್ಟು. ನೀವು ಬರೆದದ್ದಕ್ಕೆ, ನೀವು ಕೂಡಿಹಾಕಿದ್ದಕ್ಕೆ ಬೇರೆ ಪ್ರತಿ ಎಲ್ಲಿದೆ? ಯಂತ್ರ ಏಳದಿದ್ದಾಗ ನೆನೆಯಬೇಕಾದ ಪ್ರಶ್ನೆಯಲ್ಲ ಇದು, ಏಳುತ್ತಿರುವಾಗಲೇ ನೆನೆಯಬೇಕಾದದ್ದು. ಬೇರೊಂದು ಡಿಸ್ಕಿನಲ್ಲಿ ಒಂದು ಪ್ರತಿ ಇಡಿ. ಈಚಿನ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬೀಗ ಬಿದ್ದಿದ್ದರೆ, ಫರ್ಮ್‌ವೇರು ಬದಲಾದಾಗ ಅದು ೪೮ ಅಂಕಿಗಳ ಕೀಲಿಯನ್ನು ಕೇಳಬಹುದು. ಅದನ್ನೂ ಕಾಗದದಲ್ಲಿ ಬರೆದಿಡಿ. ಪರದೆ ಕಪ್ಪಾದ ದಿನ ಯಾರಾದರೂ “ಅಳಿಸಿಬಿಡೋಣ” ಎಂದರೆ, ಸೆಲ್ ನೋಡಿದಿರಾ, ಡಿಸ್ಕಿನ ಹೆಸರು ಕಂಡಿತೇ ಎಂದು ಎರಡು ಮಾತು ಕೇಳಿ. ಅಷ್ಟು ಕೇಳಿದ್ದರಿಂದ ಒಂದು ಊರಿನ ಹಾಡು ಉಳಿದದ್ದನ್ನು ನಾನು ಕಂಡಿದ್ದೇನೆ.