ಬೇರಿನ ಒಕ್ಕಲು



ಜೀವಮಾನವೆಲ್ಲ ಹಳಗನ್ನಡ ಕಾವ್ಯಗಳ ಪಾಠ ಹೇಳಿದವನು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳ ವಿಚಾರವಾಗಿ ಮಾತನಾಡಹೊರಟಿರುವುದು ಕೆಲವರಿಗೆ ಸೋಜಿಗವೆನಿಸಬಹುದು. ನಿವೃತ್ತನಾದ ಮೇಲೆ ಊರಿನ ಎರಡು ಎಕರೆ ರಾಗಿಹೊಲದ ಉಸ್ತುವಾರಿ ನನ್ನ ಪಾಲಿಗೆ ಬಂದಿತು. ಅಲ್ಲಿ ನಾನು ಮಾಡಿದ ಒಂದು ತಪ್ಪೇ ಈ ಮಾತುಗಳಿಗೆ ಮೂಲ.

ನಮ್ಮ ತಂದೆಯವರು ರಾಗಿಯನ್ನು ಒಂಟಿಯಾಗಿ ಬಿತ್ತಿದವರಲ್ಲ. ಕೆಲವು ಸಾಲು ರಾಗಿಯ ನಡುವೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ. ಯಂತ್ರದ ಕೊಯ್ಲಿಗೆ ಅಡ್ಡಿಯೆಂದು ನಾನು ಆ ಸಾಲುಗಳನ್ನು ಕೈಬಿಟ್ಟೆ. ಯೂರಿಯಾವನ್ನು ಧಾರಾಳವಾಗಿ ಚೆಲ್ಲಿಸಿದೆ. ಮುಂದೊಂದು ವರ್ಷ ಅದೇ ನೆಲಕ್ಕೆ ಅವರೆ ಹಾಕಿ, ಅದಕ್ಕೂ ಯೂರಿಯಾ ಉಣಿಸಿದೆ. ಗಿಡವೇನೋ ಕಪ್ಪುಹಸುರಾಗಿ ಬೆಳೆಯಿತು. ಆದರೆ ಒಂದನ್ನು ಕಿತ್ತು ನೋಡಿದರೆ ಬೇರು ಬರಿದು. ಹಿತ್ತಲಿನಲ್ಲಿ ತಾನಾಗಿ ಹುಟ್ಟಿದ್ದ ಅವರೆಯನ್ನು ಕಿತ್ತರೆ, ಅದರ ಬೇರಿನ ತುಂಬ ಸಣ್ಣ ಸಣ್ಣ ಗಂಟುಗಳು. ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು.

ಈ ವ್ಯತ್ಯಾಸವೇಕೆಂದು ನೆರೆಹೊಲದ ಹಿರಿಯರನ್ನು ಕೇಳಿದೆ. ಅವರು ನಕ್ಕು, "ಹೊಟ್ಟೆ ತುಂಬಿದವನು ಒಲೆ ಹಚ್ಚುತ್ತಾನೆಯೇ, ಮೇಷ್ಟ್ರೇ?" ಎಂದರು. ಆ ಒಂದು ಮಾತಿನ ಹಿಂದಿರುವ ಶಾಸ್ತ್ರವನ್ನು ತಿಳಿಯಲು ನನಗೆ ಹಲವು ತಿಂಗಳ ಓದು ಬೇಕಾಯಿತು.

ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ. ಸಸ್ಯಕ್ಕೆ ಅದು ಅತ್ಯಗತ್ಯ. ಆದರೆ ಗಾಳಿಯಲ್ಲಿರುವ ರೂಪದಲ್ಲಿ ಅದನ್ನು ಯಾವ ಸಸ್ಯವೂ ಉಣ್ಣಲಾರದು. ಸಾರಜನಕದ ಎರಡು ಪರಮಾಣುಗಳು ಒಂದನ್ನೊಂದು ಅಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತವನ್ನು ಬಿಡಿಸಿ ಗೊಬ್ಬರ ಮಾಡುವ ಮೊದಲ ದೊಡ್ಡ ಕಾರ್ಖಾನೆ 1913ರಲ್ಲಿ ಜರ್ಮನಿಯ ಒಪ್ಪೌ ಎಂಬಲ್ಲಿ ಆರಂಭವಾಯಿತು. ಈ ಕೆಲಸಕ್ಕೆ ಕಾರ್ಖಾನೆಗಳಲ್ಲಿ 400ರಿಂದ 500 ಡಿಗ್ರಿಗಳ ಕಾವು, ಅದರೊಡನೆ ಅಪಾರವಾದ ಒತ್ತಡ ಬೇಕು. ಅವರೆಯ ಬೇರಿನ ಗಂಟಿನಲ್ಲಿ ಅದೇ ಕೆಲಸ ಸದ್ದಿಲ್ಲದೆ, ಮಣ್ಣಿನ ತಂಪಿನಲ್ಲಿ ನಡೆಯುತ್ತದೆ. ನಡೆಸುವವು ರೈಜೋಬಿಯಂ ವರ್ಗದ ಬ್ಯಾಕ್ಟೀರಿಯಗಳು.

ಇದನ್ನು ತೋರಿಸಿಕೊಟ್ಟವನು ಜರ್ಮನಿಯ ಹೆಲ್‌ರೀಗಲ್. ಕಾಯಿಸಿ ಜೀವಾಣುಗಳನ್ನು ಕೊಂದ ಮರಳಿನಲ್ಲಿ ಬಟಾಣಿ ಸೊರಗುತ್ತದೆ. ಅದೇ ಮರಳಿಗೆ ಹೊಲದ ಮಣ್ಣು ಕದಡಿದ ನೀರನ್ನು ಒಂದಿಷ್ಟು ಹನಿಸಿದರೆ ಚೇತರಿಸಿಕೊಳ್ಳುತ್ತದೆ. ಈ ಸಂಗತಿಯನ್ನು ಅವನು 1886ರಲ್ಲಿ ವಿದ್ವಾಂಸರ ಮುಂದಿಟ್ಟನು. ಎರಡೇ ವರ್ಷಗಳಲ್ಲಿ, 1888ರಲ್ಲಿ, ಹಾಲೆಂಡಿನ ಬೈಯರಿಂಕ್ ಗಂಟಿನೊಳಗಿನ ಜೀವಿಯನ್ನು ಬೇರ್ಪಡಿಸಿ ಬೆಳೆಸಿದನು.

ಈ ಜೀವಿ ಬೇರನ್ನು ಹೊಕ್ಕುವ ರೀತಿ ದಾಳಿಯಂತಿಲ್ಲ. ಕರೆಗೆ ಓಗೊಟ್ಟು ಬರುವಂತಿದೆ. ಸಾರಜನಕದ ಕೊರತೆಯಾದಾಗ ಬೇರು ಕೆಲವು ರಸಗಳನ್ನು ಮಣ್ಣಿಗೆ ಒಸರಿಸುತ್ತದೆ. ಅದನ್ನು ಗುರುತಿಸಿದ ಬ್ಯಾಕ್ಟೀರಿಯಗಳು ತಮ್ಮದೊಂದು ರಾಸಾಯನಿಕದಿಂದ ಮಾರುತ್ತರ ಕೊಡುತ್ತವೆ. ಗುರುತು ಹೊಂದಿದರೆ ಬೇರುಗೂದಲಿನ ತುದಿ ಬಾಗಿ ಅವನ್ನು ಸುತ್ತಿಕೊಳ್ಳುತ್ತದೆ. ಒಳಕ್ಕೆ ನೂಲಿನಂಥ ಒಂದು ಕೊಳವೆ ಹಾದಿಯಾಗುತ್ತದೆ. ಅವು ಬರುವಷ್ಟರಲ್ಲಿ ಬೇರಿನ ಕಣಗಳು ವಿಭಜನೆಗೊಂಡು ಮನೆ ಕಟ್ಟತೊಡಗಿರುತ್ತವೆ. ಆ ಮನೆಯೇ ಗಂಟು. ಸಾರಜನಕವನ್ನು ಪಳಗಿಸುವ ಕಿಣ್ವಕ್ಕೆ ಆಮ್ಲಜನಕ ವೈರಿ. ಆದ್ದರಿಂದ ಗಿಡವು ನಮ್ಮ ನೆತ್ತರಿನ ಕೆಂಪು ವಸ್ತುವನ್ನೇ ಹೋಲುವ ಒಂದು ಪದಾರ್ಥವನ್ನು ಅಲ್ಲಿ ತುಂಬಿ, ಆಮ್ಲಜನಕವನ್ನು ಅಳೆದು ಕೊಡುತ್ತದೆ. ನಾನು ಕಂಡ ನಸುಗೆಂಪು ಅದೇ. ಗಂಟು ಕೆಲಸ ಮಾಡುತ್ತಿದೆಯೆಂಬುದಕ್ಕೆ ಆ ಬಣ್ಣವೇ ಸಾಕ್ಷಿ.

ಹೀಗೆ ಬಂದವರು ಬಿಟ್ಟಿ ಅತಿಥಿಗಳಲ್ಲ, ಒಕ್ಕಲುಗಳು. ಗಿಡ ಬಿಸಿಲಿನಲ್ಲಿ ಮಾಡಿದ ಸಕ್ಕರೆಯ ಒಂದು ಪಾಲು ಇವರ ಊಟ. ಸಾರಜನಕ ಇವರು ಸಲ್ಲಿಸುವ ಗೇಣಿ. ಲೆಕ್ಕವೂ ಬಿಗಿಯಾಗಿದೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸೋಯಾ ಅವರೆಯ ಗಂಟುಗಳ ಸುತ್ತ ಸಾರಜನಕಕ್ಕೆ ಬದಲಾಗಿ ಆರ್ಗಾನ್ ತುಂಬಿ ಅವು ಕೆಲಸ ಮಾಡಲಾಗದಂತೆ ಮಾಡಿದರು. ಗಿಡವು ಆ ಗಂಟುಗಳಿಗೆ ಆಮ್ಲಜನಕವನ್ನು ಕಡಿಮೆಗೊಳಿಸಿತು. ಅಲ್ಲಿನ ಬ್ಯಾಕ್ಟೀರಿಯಗಳ ಸಂತತಿ ಕುಗ್ಗಿತು.

ನನ್ನ ತಪ್ಪು ಇಲ್ಲಿಯೇ ಇತ್ತು. ಚೀಲದಿಂದ ಸಾರಜನಕ ಸುಲಭವಾಗಿ ಸಿಕ್ಕಾಗ ಗಿಡ ಒಕ್ಕಲನ್ನು ಸಾಕುವ ವೆಚ್ಚಕ್ಕೆ ಕೈಹಾಕುವುದಿಲ್ಲ. ಗಂಟು ಕಟ್ಟುವುದನ್ನೇ ಮೊಟಕುಗೊಳಿಸುತ್ತದೆ. ಹಿರಿಯರು ಹೇಳಿದ ಒಲೆಯ ಮಾತಿನ ಅರ್ಥ ಇಷ್ಟೇ.

ಹಾಗೆಂದು ಯೂರಿಯಾವನ್ನು ಶಪಿಸುವುದು ನನ್ನ ಉದ್ದೇಶವಲ್ಲ. ರಾಗಿ, ಭತ್ತಗಳಿಗೆ ಇಂಥ ಗಂಟು ಕಟ್ಟುವ ಶಕ್ತಿಯಿಲ್ಲ. ಅವುಗಳ ಬೇರಿನ ಮೇಲೂ ಸುತ್ತಲೂ ಬೇರೆ ಬಗೆಯ ನೆರವಿನ ಜೀವಿಗಳುಂಟು: ಕೆಲವು ಬೇರು ಕವಲೊಡೆಯಲು ಪ್ರೇರಿಸುತ್ತವೆ, ಕೆಲವು ಮಣ್ಣಿನಲ್ಲಿ ಬಂಧಿಯಾದ ರಂಜಕವನ್ನು ಕರಗಿಸುತ್ತವೆ, ಕೆಲವು ರೋಗಾಣುಗಳಿಗೆ ಎಡೆಗೊಡುವುದಿಲ್ಲ. ಅವುಗಳ ಸಹಾಯ ದೊಡ್ಡದಾದರೂ ಪೈರಿನ ಸಾರಜನಕದ ಹಸಿವನ್ನೆಲ್ಲ ಅವು ತಣಿಸಲಾರವು. ಅಕ್ಕಡಿಯ ಅವರೆಯೂ ಎಲ್ಲವನ್ನೂ ತೀರಿಸದು. ಕಾಳನ್ನು ನಾವು ಕೊಯ್ದೊಯ್ದಾಗ ಸಾರಜನಕದ ದೊಡ್ಡ ಪಾಲು ಅದರೊಡನೆ ಹೋಗುತ್ತದೆ. ಉದುರಿದ ಎಲೆ, ಉಳಿದ ಬೇರು ಕೊಳೆತಾಗ ಮಿಕ್ಕಿದ್ದು ಮುಂದಿನ ಪೈರಿಗೆ ದಕ್ಕುತ್ತದೆ. ಕೊಡುವುದನ್ನು ಅರಿತು ಕೊಡಬೇಕು. ತಾನೇ ದುಡಿದು ಉಣ್ಣಬಲ್ಲ ಬೇರಿಗೆ ಉಣಿಸಹೋಗಬಾರದು.

ಈ ಸಲದ ಮುಂಗಾರಿಗೆ ಅಕ್ಕಡಿ ಸಾಲುಗಳನ್ನು ಮತ್ತೆ ಹಾಕಿಸಿದೆ. ಅವರೆ ಬೀಜಕ್ಕೆ ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಪುಡಿಯನ್ನು ಲೇಪಿಸಿ, ನೆರಳಿನಲ್ಲಿ ಆರಿಸಿ ಬಿತ್ತಿಸಿದೆ. ಹೂವಿನ ಹೊತ್ತಿಗೆ ಆ ಹಿರಿಯರನ್ನೇ ಕರೆದು ಒಂದು ಗಿಡ ಕಿತ್ತೆ. ಹಿತ್ತಲಿನ ಗಿಡದಷ್ಟಿಲ್ಲದಿದ್ದರೂ ಗಂಟುಗಳಿದ್ದವು. ಅವರು ಒಂದನ್ನು ಸೀಳಿ ಬಣ್ಣ ನೋಡಿದರು. ಏನೂ ಹೇಳದೆ ನನ್ನ ಅಂಗೈಯಲ್ಲಿಟ್ಟರು. ನಲವತ್ತು ವರ್ಷ ವಿದ್ಯಾರ್ಥಿಗಳ ಉತ್ತರಪತ್ರಿಕೆಗಳನ್ನು ತಿದ್ದಿದವನಿಗೆ, ತಾನು ಉತ್ತೀರ್ಣನಾದ ಸಂತೋಷ ಅಂದು ದೊರೆಯಿತು.