ಮನೆಗೊಂದು ಪ್ರಿಂಟರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ಊರುಗಳ ಅನೇಕ ಮನೆಗಳಲ್ಲಿ ಈಗ ಒಂದಕ್ಕಿಂತ ಹೆಚ್ಚು ಕಂಪ್ಯೂಟರುಗಳಿವೆ. ಯಜಮಾನರ ಅಂಗಡಿಯ ಲೆಕ್ಕಕ್ಕೆ ಒಂದು, ಕಾಲೇಜಿಗೆ ಹೋಗುವ ಮಗಳಿಗೆ ಒಂದು, ಮನೆಯಲ್ಲಿ ಕುಳಿತೇ ಬೆಂಗಳೂರಿನ ಕಚೇರಿಯ ಕೆಲಸ ಮಾಡುವ ಮಗನಿಗೆ ಇನ್ನೊಂದು. ಆದರೆ ಪ್ರಿಂಟರು ಮಾತ್ರ ಮನೆಗೆಲ್ಲ ಒಂದೇ. ಅದು ನ್ಯಾಯವೂ ಹೌದು. ದಿನಕ್ಕೆ ನಾಲ್ಕು ಹಾಳೆ ಅಚ್ಚು ಹಾಕುವ ಮನೆಗೆ ಮೂರು ಯಂತ್ರಗಳು ಬೇಕಿಲ್ಲ. ಒಂದನ್ನು ಹಂಚಿಕೊಂಡರೆ ಸಾಕು.

ಹಂಚಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ ಎಂಬುದು ಅರ್ಜಿಯ ಕೊನೆಯ ದಿನದ ಸಂಜೆ ತಿಳಿಯುತ್ತದೆ. ನಿನ್ನೆ ಚೆನ್ನಾಗಿ ಅಚ್ಚು ಹಾಕಿದ ಪ್ರಿಂಟರು ಇಂದು ಮಗಳ ಕಂಪ್ಯೂಟರಿನಲ್ಲಿ 'ಆಫ್‌ಲೈನ್' ಎಂದು ತೋರುತ್ತದೆ. ಬೇಕಾದದ್ದು ಪರೀಕ್ಷೆಯ ಹಾಲ್ ಟಿಕೆಟ್ಟಾಗಿರಬಹುದು, ಸಾಲಕ್ಕೆಂದು ಬ್ಯಾಂಕಿನವರು ಕೇಳಿದ ಪಹಣಿಯಾಗಿರಬಹುದು, ಹೊಗೆಸೊಪ್ಪಿನ ಬೆಳೆಗಾರರು ಮರುದಿನ ಒಪ್ಪಿಸಬೇಕಾದ ಕಾಗದವಾಗಿರಬಹುದು. ಪ್ರಿಂಟರೇ ಕೆಟ್ಟಿತೆಂದು ತಿಳಿದು, ಅದನ್ನು ಬಟ್ಟೆಯಲ್ಲಿ ಸುತ್ತಿ ಮೈಸೂರಿನ ಬಸ್ಸು ಹತ್ತುವವರೂ ಉಂಟು. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರು. ಅಲ್ಲಿ ರಿಪೇರಿಯವರು ತಮ್ಮ ಕಂಪ್ಯೂಟರಿಗೆ ಜೋಡಿಸಿದ ಕೂಡಲೆ ಯಂತ್ರ ಏನೂ ಆಗಿಲ್ಲವೆಂಬಂತೆ ಹಾಳೆಯನ್ನು ಹೊರಕ್ಕೆ ನೀಡುತ್ತದೆ. ಅದಕ್ಕೆ ನಿಜವಾಗಿಯೂ ಏನೂ ಆಗಿರಲಿಲ್ಲ. ಕೆಟ್ಟಿದ್ದುದು ಮನೆಯೊಳಗಿನ ದಾರಿ.

ಈ ದಾರಿ ಹುಟ್ಟಿದ ಕಥೆ ರೇಡಿಯೋ ಇರುವ ಮನೆಯವರಿಗೆ ರುಚಿಸುವಂಥದು. 1971ರಲ್ಲಿ ಹವಾಯಿ ವಿಶ್ವವಿದ್ಯಾನಿಲಯದವರು ದ್ವೀಪ ದ್ವೀಪಗಳ ನಡುವೆ ತಂತಿ ಎಳೆಯುವ ಬದಲು ರೇಡಿಯೋ ಅಲೆಗಳ ಮೂಲಕವೇ ಕಂಪ್ಯೂಟರಿನೊಡನೆ ಮಾತುಕತೆ ನಡೆಸಿದರು. ಆ ಏರ್ಪಾಡಿಗೆ ಅಲೋಹಾನೆಟ್ ಎಂದು ಹೆಸರು. ಅದನ್ನು ಅಭ್ಯಾಸಮಾಡಿದ ರಾಬರ್ಟ್ ಮೆಟ್‌ಕಾಫ್ ಎಂಬವರು 1973ರ ಮೇ 22ರಂದು ಕ್ಯಾಲಿಫೋರ್ನಿಯದ ಝೆರಾಕ್ಸ್ ಸಂಶೋಧನಾಲಯದಲ್ಲಿ ಹೊಸದೊಂದು ಜಾಲದ ವಿಷಯವಾಗಿ ಟಿಪ್ಪಣಿ ಬರೆದರು. ಅದೇ ಸಂಶೋಧನಾಲಯದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಅವರು ಲೇಸರ್ ಪ್ರಿಂಟರನ್ನು ರೂಪಿಸಿದ್ದರು. ಆಲ್ಟೋ ಎಂಬ ಹೊಸ ಕಂಪ್ಯೂಟರುಗಳು ಒಬ್ಬೊಬ್ಬರ ಮೇಜಿಗೆ ಬರಲಿದ್ದವು. ಇಷ್ಟೂ ಕಂಪ್ಯೂಟರುಗಳು ಆ ದುಬಾರಿ ಪ್ರಿಂಟರನ್ನು ಹಂಚಿಕೊಳ್ಳಬೇಕಾಗಿತ್ತು. ಅಲೆಗಳನ್ನು ಹೊತ್ತು ಸಾಗುವ ವಸ್ತುವಿಗೆ ಹಿಂದಿನ ಭೌತವಿಜ್ಞಾನಿಗಳು ಈಥರ್ ಎನ್ನುತ್ತಿದ್ದರಷ್ಟೆ. ಅದನ್ನೇ ನೆನೆದು ಮೆಟ್‌ಕಾಫ್ ತಮ್ಮ ಜಾಲಕ್ಕೆ ಈಥರ್‌ನೆಟ್ ಎಂದು ಹೆಸರಿಟ್ಟರು. ನಿಮ್ಮ ಮನೆಯ ವೈಫೈ ಪೆಟ್ಟಿಗೆಯ ಬೆನ್ನಿನಲ್ಲಿ ಕೇಬಲ್ಲು ತೂರಿಸುವ ಕಂಡಿಗಳಿವೆಯಲ್ಲ, ಅವು ಇಂದಿಗೂ ಈಥರ್‌ನೆಟ್ಟಿನವೇ. ಕಂಪ್ಯೂಟರುಗಳ ಜಾಲ ಹುಟ್ಟಿದ್ದಕ್ಕೆ ಒಂದು ಪ್ರಿಂಟರನ್ನು ಹಂಚಿಕೊಳ್ಳುವ ಅವಶ್ಯಕತೆಯೇ ಒಂದು ಮುಖ್ಯ ಕಾರಣವಾಯಿತು.

ರೇಡಿಯೋದಲ್ಲಿ ಒಬ್ಬರು ಆಡಿದ್ದನ್ನು ಸಾವಿರಾರು ಮಂದಿ ಕೇಳುತ್ತಾರೆ. ಪ್ರಿಂಟರಿನ ವಿಷಯ ಇದಕ್ಕೆ ತಿರುಗುಮುರುಗು. ಹಲವರು ಹೇಳಿದ್ದನ್ನು ಒಂದೇ ಯಂತ್ರ ಕೇಳಬೇಕು. ಹಾಗೆ ಕೇಳಬೇಕಾದರೆ ಮೂರು ಅನುಕೂಲಗಳು ಕೂಡಿಬರಬೇಕು: ದಾರಿ ಇರಬೇಕು, ವಿಳಾಸ ಸರಿಯಾಗಿರಬೇಕು, ಅಪ್ಪಣೆ ಸಿಕ್ಕಿರಬೇಕು. ತೊಂದರೆ ಯಾವ ವೇಷದಲ್ಲಿ ಬಂದರೂ ಸಾಮಾನ್ಯವಾಗಿ ಈ ಮೂರರಲ್ಲಿ ಒಂದರ ಕೊರತೆಯಾಗಿರುತ್ತದೆ.

ಕೃಷ್ಣರಾಜನಗರದ ನಾಲೆಯ ಬಯಲಿನಲ್ಲಿ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ರೈತ ಗದ್ದೆಯನ್ನು ಅಗೆಯಲು ಹೊರಡುವುದಿಲ್ಲ. ತೂಬಿನಿಂದ ಹೊರಟು ಏರಿಯ ಮೇಲೆ ನಡೆದು ಬರುತ್ತಾನೆ. ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿಂದ ಮುಂದಕ್ಕೆ ಬಂದಿಲ್ಲ ಎಂದು ನೋಡಿಕೊಂಡರೆ ಹೂಳು ಕೂತ ಜಾಗ ತಾನಾಗಿಯೇ ತಿಳಿಯುತ್ತದೆ. ನಾವೂ ಹಾಗೆಯೇ ಮಾಡೋಣ.

ಮೊದಲು ತೂಬು, ಅಂದರೆ ಪ್ರಿಂಟರು. ಅದರ ಗುಂಡಿಗಳನ್ನೊತ್ತಿ ಒಂದು ಪರೀಕ್ಷಾ ಹಾಳೆ ತೆಗೆಯಿರಿ. ಹಾಳೆ ಬಂದರೆ ಮಸಿ, ಕಾಗದ, ಯಂತ್ರ ಎಲ್ಲವೂ ಸರಿಯಾಗಿವೆ. ಬಳಿಕ ನಿಮ್ಮ ಮನೆಯ ಏರ್ಪಾಡು ಯಾವುದೆಂದು ನೋಡಿಕೊಳ್ಳಿ. ಕೆಲವು ಮನೆಗಳಲ್ಲಿ ಪ್ರಿಂಟರು ತಾನೇ ವೈಫೈಗೆ ಸೇರಿಕೊಂಡಿರುತ್ತದೆ. ಇನ್ನು ಕೆಲವು ಮನೆಗಳಲ್ಲಿ ಒಂದು ಕಂಪ್ಯೂಟರಿಗೆ ಕೇಬಲ್ಲಿನಿಂದ ಅಂಟಿಕೊಂಡಿದ್ದು, ಉಳಿದವರು ಆ ಕಂಪ್ಯೂಟರಿನ ಮೂಲಕ ಅದನ್ನು ಬಳಸುತ್ತಾರೆ. ಎರಡನೆಯ ಬಗೆಯಲ್ಲಿ ಆ ಕಂಪ್ಯೂಟರು ಎಚ್ಚರವಾಗಿರಲೇಬೇಕು. ಅಣ್ಣ ಲ್ಯಾಪ್‌ಟಾಪು ಮುಚ್ಚಿ ಮಲಗಿದರೆ ತಂಗಿಯ ಅರ್ಜಿಯೂ ಮಲಗುತ್ತದೆ. "ಅಣ್ಣ, ನಿನ್ನ ಲ್ಯಾಪ್‌ಟಾಪು ಸ್ವಲ್ಪ ತೆರೆದಿಡೋ" ಎಂಬ ಒಂದು ಮಾತಿನಿಂದ ಎಷ್ಟೋ ಮನೆಗಳ ತೊಂದರೆ ಮುಗಿದುಹೋಗುತ್ತದೆ.

ಎರಡನೆಯದು ದಾರಿ. ಎಲ್ಲರೂ ಒಂದೇ ಜಾಲದಲ್ಲಿದ್ದಾರೆಯೇ ಎಂಬುದನ್ನು ನೋಡಬೇಕು. ಇಂಟರ್‌ನೆಟ್ಟು ಎಲ್ಲರಿಗೂ ಬರುತ್ತಿದೆ ಎಂದ ಮಾತ್ರಕ್ಕೆ ಎಲ್ಲರೂ ಒಂದೇ ಜಾಲದಲ್ಲಿದ್ದಾರೆ ಎಂದಾಗಲಿಲ್ಲ. ಮಗ ತನ್ನ ಮೊಬೈಲಿನಿಂದ ಹಾಟ್‌ಸ್ಪಾಟು ಪಡೆದುಕೊಂಡಿದ್ದರೆ ಅವನು ಮನೆಯೊಳಗಿದ್ದೂ ಮನೆಯ ಜಾಲದ ಹೊರಗಿರುತ್ತಾನೆ. ಮಹಡಿಗೆ ವೈಫೈ ಸಾಲದೆಂದು ಹಳೆಯ ರೂಟರೊಂದನ್ನು ಮೇಲೆ ಇಟ್ಟಿದ್ದರೆ ಅದು ಬೇರೊಂದು ಜಾಲವನ್ನೇ ಕಟ್ಟಿರುವ ಸಂಭವವುಂಟು. ಗುರುತು ಹಿಡಿಯುವುದು ಕಷ್ಟವಲ್ಲ. ಕೆಳಗಿನ ಕಂಪ್ಯೂಟರಿನ ಅಂಕಿವಿಳಾಸ 192.168.1 ಎಂದೂ, ಮೇಲಿನದು 192.168.0 ಎಂದೂ ಆರಂಭವಾದರೆ ಸಾಮಾನ್ಯವಾಗಿ ಅವೆರಡೂ ಬೇರೆ ಬೇರೆ ಬೀದಿಗಳೆಂದೇ ತಿಳಿಯಿರಿ. ಮೇಲಿನ ರೂಟರನ್ನು 'ಆಕ್ಸೆಸ್ ಪಾಯಿಂಟ್' ಎಂಬ ರೀತಿಗೆ ಬದಲಾಯಿಸಿದರೆ ಎರಡು ಬೀದಿಗಳೂ ಒಂದಾಗುತ್ತವೆ. ಅತಿಥಿಗಳಿಗೆಂದು ಇಟ್ಟ 'ಗೆಸ್ಟ್' ವೈಫೈಗೆ ಸೇರಿಕೊಂಡವರಿಗೂ ಪ್ರಿಂಟರು ಕಾಣುವುದಿಲ್ಲ. ಅದನ್ನು ಮಾಡಿರುವುದೇ ಬಂದವರನ್ನು ಜಗುಲಿಯಲ್ಲಿ ಕೂರಿಸುವುದಕ್ಕಾಗಿ.

ಮೂರನೆಯದು ವಿಳಾಸ. ನಿನ್ನೆ ನಡೆದದ್ದು ಇಂದು ಏಕೆ ನಿಂತಿತು ಎಂಬ ಪ್ರಶ್ನೆಗೆ ನಮ್ಮ ಕಡೆ ಬಹುಮಟ್ಟಿಗೆ ಉತ್ತರ ಇಲ್ಲಿಯೇ ಇದೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತದೆ. ರೂಟರು ಮತ್ತೆ ಎದ್ದು ಎಲ್ಲ ಯಂತ್ರಗಳಿಗೂ ಹೊಸದಾಗಿ ವಿಳಾಸ ಹಂಚುವಾಗ ಪ್ರಿಂಟರಿಗೆ ನಿನ್ನೆಯ ಅಂಕಿಯೇ ಸಿಕ್ಕೀತೆಂಬ ಭರವಸೆಯಿಲ್ಲ. ಕಂಪ್ಯೂಟರು ಮಾತ್ರ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ಮೈಸೂರು ಆಕಾಶವಾಣಿ 100.6ರಲ್ಲಿ ಸಿಗುತ್ತದೆಂದು ನಾವು ನಂಬಿರುವುದರಿಂದಲೇ ಪ್ರತಿದಿನ ಮುಳ್ಳು ತಿರುಗಿಸಿ ಹುಡುಕುವ ಶ್ರಮವಿಲ್ಲ. ಪ್ರಿಂಟರಿಗೂ ಅಂಥ ಸ್ಥಿರವಾದ ನೆಲೆ ಕೊಡಬಹುದು. ರೂಟರಿನ ಏರ್ಪಾಡಿನಲ್ಲಿ ಈ ಪ್ರಿಂಟರಿಗೆ ಈ ಅಂಕಿಯೇ ಮೀಸಲು ಎಂದು ಒಮ್ಮೆ ಬರೆದಿಟ್ಟು, ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ಪ್ರಿಂಟರನ್ನು ಅದೇ ಅಂಕಿಯಿಂದ ಸೇರಿಸಿದರೆ ಕರೆಂಟು ಎಷ್ಟು ಸಲ ಹೋದರೂ ಚಿಂತೆಯಿಲ್ಲ.

ಇದರ ಜೊತೆಗೆ ಪಟ್ಟಿಯನ್ನೂ ನೋಡಿ. ಒಂದೇ ಪ್ರಿಂಟರು 'ಕಾಪಿ 1', 'ಕಾಪಿ 2' ಎಂದು ಎರಡು ಮೂರು ಸಲ ಕಾಣಿಸಿಕೊಂಡಿದ್ದರೆ, ನೀವು ಹಳೆಯ ವಿಳಾಸದ ಹೆಸರಿಗೇ ಹಾಳೆಗಳನ್ನು ಕಳುಹಿಸುತ್ತಿರಬಹುದು. ಹಾಳೆ ಬರಲಿಲ್ಲವೆಂದು ಹತ್ತು ಸಲ ಒತ್ತಬೇಡಿ. ಹತ್ತೂ ಸರದಿಯಲ್ಲಿ ಕಾದು ನಿಂತು, ದಾರಿ ಸರಿಹೋದ ಗಳಿಗೆಯಲ್ಲಿ ಒಟ್ಟಿಗೆ ಹೊರಬೀಳುತ್ತವೆ. ಮೊದಲು ಸರದಿಯನ್ನು ಬರಿದುಮಾಡಿ, ಆಮೇಲೆ ಒಮ್ಮೆ ಕಳುಹಿಸಿ.

ನಾಲ್ಕನೆಯದು, ಕೊನೆಯದು, ಅಪ್ಪಣೆ. ಪ್ರಿಂಟರು ಒಬ್ಬರ ಕಂಪ್ಯೂಟರಿಗೆ ಅಂಟಿಕೊಂಡಿರುವ ಮನೆಗಳಿಗೆ ಈ ಮಾತು. ವಿಂಡೋಸ್ ಕಂಪ್ಯೂಟರು ಪ್ರತಿಯೊಂದು ಜಾಲವನ್ನೂ 'ಪಬ್ಲಿಕ್' ಅಥವಾ 'ಪ್ರೈವೇಟ್' ಎಂದು ಎಣಿಸುತ್ತದೆ. ನಿಮ್ಮ ಮನೆಯ ವೈಫೈಯನ್ನೇ ಅದು ಬಸ್ ನಿಲ್ದಾಣವೆಂದು ಭಾವಿಸಿದ್ದರೆ ಬಾಗಿಲು ಹಾಕಿಕೊಂಡು ಕೂರುತ್ತದೆ. ಮನೆಯ ಜಾಲವನ್ನು 'ಪ್ರೈವೇಟ್' ಎಂದು ಗುರುತಿಸಿ, ಪ್ರಿಂಟರು ಹಂಚಿಕೆಗೆ ಅನುಮತಿ ಕೊಡಿ. ಬಳಿಕ ಅದು ಬಂದವರ ಹೆಸರನ್ನೂ ಗುಟ್ಟಿನ ಪದವನ್ನೂ ಕೇಳುತ್ತದೆ. ಇಲ್ಲಿ ಎರಡು ಸೂಕ್ಷ್ಮಗಳಿವೆ. ಕಂಪ್ಯೂಟರು ತೆರೆಯಲು ದಿನವೂ ಒತ್ತುವ ನಾಲ್ಕಂಕಿಯ 'ಪಿನ್' ಆ ಒಂದು ಯಂತ್ರಕ್ಕೆ ಮಾತ್ರ ಸಲ್ಲುತ್ತದೆ. ಜಾಲದ ಮೂಲಕ ಬರುವವರಿಗೆ ಪೂರ್ಣ ಪಾಸ್‌ವರ್ಡೇ ಬೇಕು. ಪಾಸ್‌ವರ್ಡನ್ನೇ ಇಟ್ಟಿಲ್ಲದ ಖಾತೆಯಾದರೆ ಜಾಲದ ಮೂಲಕ ಪ್ರವೇಶವೇ ಇಲ್ಲ. ಆದುದರಿಂದ ಆ ಕಂಪ್ಯೂಟರಿನಲ್ಲಿ ಮನೆಯವರಿಗೆಂದು ಬೇರೆ ಖಾತೆಯೊಂದನ್ನು ತೆರೆದು, ಅದಕ್ಕೊಂದು ಪಾಸ್‌ವರ್ಡು ಇಟ್ಟು, ಉಳಿದ ಕಂಪ್ಯೂಟರುಗಳಿಗೆ ಅದನ್ನು ಹೇಳಿಕೊಡುವುದು ಕ್ಷೇಮ. 2009ರಲ್ಲಿ ವಿಂಡೋಸ್ 7ರೊಡನೆ ಬಂದ 'ಹೋಮ್‌ಗ್ರೂಪ್' ಎಂಬ ಸುಲಭದ ಏರ್ಪಾಡನ್ನು 2018ರಲ್ಲಿ ವಿಂಡೋಸ್ 10ರಿಂದ ತೆಗೆದುಹಾಕಲಾಯಿತು. ಹಳೆಯ ಪಾಠ ನೆನಪಿಟ್ಟುಕೊಂಡು ಅದನ್ನು ಹುಡುಕುವವರು ಹುಡುಕಾಟ ಬಿಡಬಹುದು.

ಇನ್ನು ಒಂದು ಎಚ್ಚರಿಕೆಯ ಮಾತು. ಅವಸರದಲ್ಲಿದ್ದವರಿಗೆ ಸುಲಭವಾಗಿ ಸಿಗುವ ಸಲಹೆ, ಕಾವಲನ್ನೆಲ್ಲ ತೆಗೆದುಹಾಕಿ ಎಂಬುದು. ಫೈರ್‌ವಾಲ್ ನಿಲ್ಲಿಸಿ, ಪಾಸ್‌ವರ್ಡು ತೆಗೆಯಿರಿ, ಹೊಸ ಅಪ್‌ಡೇಟನ್ನು ಕಿತ್ತುಹಾಕಿ ಎನ್ನುತ್ತಾರೆ. ಹಾಗೆ ಮಾಡಿದರೆ ಹಾಳೆಯೇನೋ ಬಂದೀತು. ಆದರೆ ಅದೇ ಕಂಪ್ಯೂಟರಿನಲ್ಲಿ ಅಂಗಡಿಯ ಲೆಕ್ಕ, ಬ್ಯಾಂಕಿನ ವ್ಯವಹಾರ, ಆಧಾರಿನ ಪ್ರತಿಗಳು ಇರುತ್ತವೆಂಬುದನ್ನು ಮರೆಯಬಾರದು. 2021ರಲ್ಲಿ ನಡೆದದ್ದು ಇದಕ್ಕೆ ಒಳ್ಳೆಯ ನಿದರ್ಶನ. ವಿಂಡೋಸಿನಲ್ಲಿ ಮುದ್ರಣದ ಸರದಿಯನ್ನು ನೋಡಿಕೊಳ್ಳುವ ಭಾಗದಲ್ಲಿಯೇ ಒಂದು ದೊಡ್ಡ ಬಿರುಕು ಕಂಡುಬಂದಿತು. ಅದರ ಮೂಲಕ ಅನ್ಯರು ಇಡೀ ಕಂಪ್ಯೂಟರನ್ನು ವಶಪಡಿಸಿಕೊಳ್ಳಲು ಸಾಧ್ಯವಿತ್ತು. 'ಪ್ರಿಂಟ್‌ನೈಟ್‌ಮೇರ್' ಎಂದು ಅದಕ್ಕೆ ಹೆಸರಾಯಿತು. ಮೈಕ್ರೋಸಾಫ್ಟ್ ಆ ಜುಲೈಯಲ್ಲಿ ತುರ್ತಾಗಿ ಬಿರುಕು ಮುಚ್ಚತೊಡಗಿ, ಸೆಪ್ಟೆಂಬರಿನ ಅಪ್‌ಡೇಟಿನಲ್ಲಿ ಹಂಚಿಕೆಯ ಪ್ರಿಂಟರುಗಳ ಮೇಲೆ ಕಟ್ಟುನಿಟ್ಟನ್ನು ಹೆಚ್ಚಿಸಿತು. ಆಗ ಎಷ್ಟೋ ಮನೆ, ಕಚೇರಿಗಳಲ್ಲಿ 0x0000011b ಎಂಬ ತಪ್ಪಿನ ಅಂಕಿ ಮೂಡಿ ಮುದ್ರಣ ನಿಂತುಹೋಯಿತು. ರಿಜಿಸ್ಟ್ರಿಯಲ್ಲಿ ಒಂದು ಸೊನ್ನೆ ಬರೆದು ಆ ಕಟ್ಟುನಿಟ್ಟನ್ನೇ ತೆಗೆದುಹಾಕುವ ಉಪಾಯ ಊರೂರಿಗೆ ಹಬ್ಬಿತು. ಸರಿಯಾದ ಪರಿಹಾರ ಬೇರೆಯಿತ್ತು: ಕೊಡುವ ಕಂಪ್ಯೂಟರಿಗೂ ಪಡೆಯುವ ಕಂಪ್ಯೂಟರಿಗೂ ಅಪ್‌ಡೇಟುಗಳನ್ನು ಪೂರ್ತಿಯಾಗಿ ಹಾಕುವುದು. ಒಂದು ಹೊಸದು, ಒಂದು ಹಳೆಯದು ಆದಾಗಲೇ ಇಬ್ಬರ ನಡುವೆ ಮಾತು ನಿಲ್ಲುವುದು ಹೆಚ್ಚು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಹಳೆಯ ಕಂಪ್ಯೂಟರುಳ್ಳ ಮನೆಯವರು ಇದನ್ನು ಗಮನದಲ್ಲಿಡಬೇಕು.

ಅಷ್ಟೆಲ್ಲ ನೋಡಲು ಹೊತ್ತಿಲ್ಲ, ಹಾಳೆ ಈಗಲೇ ಬೇಕು ಎನ್ನುವಾಗ ಪೆನ್‌ಡ್ರೈವಿನಲ್ಲಿ ಕಡತವನ್ನು ಒಯ್ದು ಪ್ರಿಂಟರಿರುವ ಕಂಪ್ಯೂಟರಿನಿಂದಲೇ ಅಚ್ಚು ಹಾಕಬಹುದು. ಕನ್ನಡದ ಕಡತವಾದರೆ ಇಲ್ಲೊಂದು ತೊಡಕು. ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪತ್ರ, ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರುತ್ತದೆ. ಬರೆದ ಕಂಪ್ಯೂಟರಿನಲ್ಲಿಯೇ ಅದನ್ನು ಪಿಡಿಎಫ್ ಆಗಿ ಉಳಿಸಿಕೊಂಡು ಒಯ್ದರೆ ಬರೆದಂತೆಯೇ ಅಚ್ಚಾಗುತ್ತದೆ.

ಇಷ್ಟನ್ನೂ ಬಾಯಿಪಾಠ ಮಾಡಬೇಕಿಲ್ಲ. ಒಂದು ಭಾನುವಾರ ಬಿಡುವು ಮಾಡಿಕೊಂಡು ದಾರಿ, ವಿಳಾಸ, ಅಪ್ಪಣೆ ಮೂರನ್ನೂ ಸರಿಪಡಿಸಿ. ಪ್ರಿಂಟರಿನ ಹೆಸರು, ಅದರ ಅಂಕಿವಿಳಾಸ, ಅದು ಸೇರಿರುವ ವೈಫೈ, ಎಚ್ಚರವಾಗಿರಬೇಕಾದ ಕಂಪ್ಯೂಟರು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿ. ಪಾಸ್‌ವರ್ಡನ್ನು ಮಾತ್ರ ಅಲ್ಲಿ ಬರೆಯಬೇಡಿ. ಅದು ಮನೆಯವರ ನೆನಪಿನಲ್ಲಿರಲಿ. ತಿಳಿದ ಮಗ ಊರಲ್ಲಿಲ್ಲದ ದಿನ ಕರೆಂಟು ಹೋಗಿ ಬಂದರೂ, ಅಮ್ಮ ಆ ಚೀಟಿ ನೋಡಿಕೊಂಡು ಪಹಣಿಯ ಹಾಳೆಯನ್ನು ತಾವೇ ತೆಗೆದುಕೊಳ್ಳುವಂತಾಗಬೇಕು.