ಕೆರೆ ತುಂಬಿತು, ಬೋರಿನ ನೀರು ಹೇಗಿದೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣ)



ಉಳಿತಾಯ, ಸಾಲ, ಬಡ್ಡಿ, ಪುಸ್ತಕ ಬರೆಯುವುದು - ಇವು ನಮ್ಮ ಸಭೆಯಲ್ಲಿ ಯಾವಾಗಲೂ ಇದ್ದೇ ಇರುತ್ತವೆ. ಇವತ್ತು ನೀರಿನ ಬಗ್ಗೆ ಮಾತಾಡೋಣ ಎಂದು ನಿಶ್ಚಯಿಸಿದ್ದೇವೆ. ಕೋಲಾರದ ಕಡೆಯ ಸಂಘಗಳಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರ್ತಾ ಇದೆ. ಬೆಂಗಳೂರಿನ ನೀರು ಕೆರೆಗೆ ಬಂತು, ಬೋರಿನಲ್ಲೂ ನೀರು ಮೇಲಕ್ಕೆ ಬಂತು, ಆದರೆ ಅದನ್ನ ಕುಡೀಬಹುದಾ?

ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ನಮ್ಮ ಹಿರಿಯರು ಕೆರೆ ಕಟ್ಟಿಕೊಂಡೇ ಬದುಕಿದವರು. ಒಂದು ಕೆರೆಯ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಮುಂದಿನ ಕೆರೆಗೆ ಹೋಗುತ್ತಿತ್ತು. ಆಮೇಲೆ ಕಾಲುವೆ ಒತ್ತುವರಿಯಾಯಿತು, ಕೆರೆಯಲ್ಲಿ ಹೂಳು ತುಂಬಿತು, ಜಾಲಿ ಬೆಳೆಯಿತು. ತೆರೆದ ಬಾವಿ ಬತ್ತಿತು. ಬೋರ್‌ವೆಲ್ ಸಾವಿರ ಅಡಿ ದಾಟಿತು. ಒಂದು ಬೋರು ಫೇಲಾದರೆ ಮನೆಯ ಒಡವೆ ಬ್ಯಾಂಕಿಗೆ ಹೋಗುತ್ತದೆ ಎಂಬುದನ್ನು ನಿಮಗೆ ನಾವು ಹೇಳಬೇಕಾಗಿಲ್ಲ.

ಇಂಥ ಜಿಲ್ಲೆಗೆ 2018ರಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಕೆ.ಸಿ. ಎಂದರೆ ಕೋರಮಂಗಲ-ಚಲ್ಲಘಟ್ಟ ಕಣಿವೆ. ಬೆಂಗಳೂರಿನ ಮನೆಗಳ ಬಚ್ಚಲು, ಶೌಚಾಲಯ, ಅಡುಗೆಮನೆಯ ನೀರನ್ನು ಶುದ್ಧೀಕರಣ ಘಟಕದಲ್ಲಿ ಸಂಸ್ಕರಿಸಿ, ಪಂಪು ಮಾಡಿ, ಮೊದಲು ಲಕ್ಷ್ಮೀಸಾಗರ ಕೆರೆಗೆ ಬಿಡುತ್ತಾರೆ. ಅಲ್ಲಿಂದ ಕೆರೆಯಿಂದ ಕೆರೆಗೆ ಹರಿಯುತ್ತದೆ. ದಿನಕ್ಕೆ 44 ಕೋಟಿ ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡ ಯೋಜನೆ ಇದು. ಕುಡಿಯಲು ಕೊಡುವುದಕ್ಕಲ್ಲ, ಕೆರೆ ತುಂಬಿಸಿ ಅಂತರ್ಜಲ ಏರಿಸುವುದಕ್ಕೆ. ಇದನ್ನು ಚೆನ್ನಾಗಿ ನೆನಪಿಡಿ, ಯಾಕಂದ್ರೆ ಊರಲ್ಲಿ ಇದೇ ಮರೆತುಹೋಗುತ್ತದೆ.

ಪ್ರಯೋಜನ ಆಗಿಲ್ಲ ಎಂದು ಹೇಳಿದರೆ ಅನ್ಯಾಯವಾಗುತ್ತದೆ. ಕೆರೆ ತುಂಬಿದ ಊರುಗಳ ಸುತ್ತ ಅಂತರ್ಜಲ ಏರಿದೆ. ಟೊಮೇಟೊ, ಹಿಪ್ಪುನೇರಳೆ, ಹಸುವಿನ ಮೇವಿಗೆ ನೀರು ಸಿಕ್ಕಿದೆ. ಡೇರಿಗೆ ಹಾಲು ಹಾಕಿ ಸಂಘದ ಕಂತು ಕಟ್ಟುವವರು ನಾವೇ ಅಲ್ವಾ? "ಕೊಳಚೆ ನೀರು" ಎಂದು ಒಂದೇ ಮಾತಲ್ಲಿ ತಳ್ಳಿಹಾಕುವವರ ಜೊತೆ ನಾವಿಲ್ಲ. ನಗರದವರು ಬಳಸಿದ ನೀರನ್ನು ಮತ್ತೆ ಬಳಸಬೇಕು ಎಂಬುದು ಸರಿಯಾದ ನೀತಿ. ನಮ್ಮ ತಕರಾರು ಇರುವುದು ಎಷ್ಟು ತೊಳೆದು ಕೊಡುತ್ತಾರೆ, ಯಾರು ಪರೀಕ್ಷೆ ಮಾಡುತ್ತಾರೆ, ಅದರ ಫಲಿತಾಂಶವನ್ನು ನಮಗೆ ಯಾಕೆ ತೋರಿಸುವುದಿಲ್ಲ ಎಂಬುದರಲ್ಲಿ.

ನೀರು ಶುದ್ಧ ಮಾಡುವುದಕ್ಕೆ ಮೂರು ಹಂತ ಇದೆ. ಮೊದಲನೆಯದರಲ್ಲಿ ಕಸ, ಮರಳು ಸೋಸಿ, ಗಸಿ ತಳಕ್ಕೆ ಕೂರುವಂತೆ ಬಿಡುತ್ತಾರೆ. ಎರಡನೆಯದರಲ್ಲಿ ಗಾಳಿ ಊದಿ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಾರೆ, ಅವು ನೀರಿನ ಕೊಳೆಯನ್ನು ತಿಂದು ಹಾಕುತ್ತವೆ. ನಮ್ಮ ಇಡ್ಲಿ ಹಿಟ್ಟು ಹುಳಿ ಬರುವುದೂ ಸೂಕ್ಷ್ಮಜೀವಿಗಳಿಂದಲೇ, ಹಾಗಾಗಿ ಹೆದರಬೇಡಿ. ಕೋಲಾರದ ಯೋಜನೆ ಶುರುವಾದದ್ದು ಈ ಎರಡನೇ ಹಂತದ ನೀರಿನಿಂದ. ನೀರು ತಿಳಿಯಾಗಿ ಕಾಣುತ್ತದೆ, ವಾಸನೆ ಹೋಗುತ್ತದೆ. ಆದರೆ ನೈಟ್ರೇಟ್, ಸೋಪಿನ ಪುಡಿಯ ರಂಜಕ, ಔಷಧಿಯ ಅಂಶ, ಕಾರ್ಖಾನೆಯ ನೀರು ಕಳ್ಳದಾರಿಯಲ್ಲಿ ಸೇರಿದ್ದರೆ ಸೀಸದಂಥ ಲೋಹ - ಇವು ಪೂರ್ತಿ ಹೋಗುವುದಿಲ್ಲ. ಅವನ್ನು ತೆಗೆಯಲು ಮೂರನೇ ಹಂತ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯಲ್ಲಿ 2008ರಿಂದ ಇದೇ ರೀತಿ ಕೊಳಚೆ ನೀರನ್ನು ಅಂತರ್ಜಲಕ್ಕೆ ಸೇರಿಸುತ್ತಿದ್ದಾರೆ. ಅಲ್ಲಿ ಎರಡನೇ ಹಂತ ಮುಗಿದ ಮೇಲೆ ಸಣ್ಣ ಜಾಲರಿಯಲ್ಲಿ ಸೋಸಿ, ಆರ್.ಓ. ಮಾಡಿ, ಅತಿನೇರಳೆ ಬೆಳಕು ಹಾಯಿಸಿ ಆಮೇಲೆ ಭೂಮಿಗೆ ಬಿಡುತ್ತಾರೆ. ಅವರಿಗೊಂದು ನ್ಯಾಯ, ಬಯಲುಸೀಮೆಯವರಿಗೊಂದು ನ್ಯಾಯವೇ?

2018ರ ಜುಲೈನಲ್ಲಿ ಲಕ್ಷ್ಮೀಸಾಗರದ ಕಡೆ ನೊರೆ ಕಂಡಾಗ ಜನ ಎದ್ದು ಕೇಳಿದರು. ವಿಷಯ ಹೈಕೋರ್ಟಿಗೂ, 2019ರಲ್ಲಿ ಸುಪ್ರೀಂ ಕೋರ್ಟಿಗೂ ಹೋಯಿತು. ನಡುವೆ ನೀರು ನಿಂತಿತು, ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕು ಎಂಬ ಬೇಡಿಕೆ ಅಂದಿನಿಂದಲೂ ಇದೆ.

ಇನ್ನು ಮನೆಯ ಮಾತಿಗೆ ಬರೋಣ. ನಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು. ನೀರು ಇರುವುದು ಅದರ ಬಿರುಕುಗಳಲ್ಲಿ. ಮರಳು ನೆಲದ ಹಾಗೆ ಇದು ನಿಧಾನವಾಗಿ ಸೋಸುವುದಿಲ್ಲ, ಬಿರುಕು ಸಿಕ್ಕಿದರೆ ಕೊಳೆ ನೇರವಾಗಿ ಇಳಿಯುತ್ತದೆ. ಆಳದ ನೀರು ಕಲ್ಲಿನ ಜೊತೆ ಬಹಳ ಕಾಲ ಇರುವುದರಿಂದ ಅದರಲ್ಲಿ ಫ್ಲೋರೈಡ್ ಸೇರಿಕೊಳ್ಳುತ್ತದೆ. ಮಕ್ಕಳ ಹಲ್ಲಿನ ಕಂದು ಕಲೆ, ದೊಡ್ಡವರ ಮಂಡಿ-ಸೊಂಟದ ಬಿಗಿತ ಅದರಿಂದ ಬರಬಹುದು. ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಕೆರೆಯ ನೀರು ಇಳಿದರೆ ಫ್ಲೋರೈಡ್ ತೆಳುವಾಗುವ ಸಾಧ್ಯತೆಯೂ ಇದೆ, ನೈಟ್ರೇಟ್ ಏರುವ ಸಾಧ್ಯತೆಯೂ ಇದೆ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ದಾಟಿದ ನೀರಲ್ಲಿ ಹಾಲಿನ ಪುಡಿ ಕಲಸಿ ಎಳೆ ಕೂಸಿಗೆ ಕುಡಿಸಿದರೆ ಮಗುವಿನ ರಕ್ತಕ್ಕೆ ಆಮ್ಲಜನಕ ಒಯ್ಯುವ ಶಕ್ತಿ ಕುಗ್ಗಿ ಮೈ ನೀಲಿಗಟ್ಟಬಹುದು. ಬಾಣಂತಿ ಇರುವ ಮನೆಯವರು ಇದನ್ನು ಗಮನಿಸಲೇಬೇಕು.

"ಕುದಿಸಿ ಕುಡೀತೀವಿ ಬಿಡಿ" ಎನ್ನುತ್ತೀರಿ. ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅವು ಇನ್ನೂ ಗಟ್ಟಿಯಾಗುತ್ತವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬುತ್ತೇವಲ್ಲ, ಆ ಯಂತ್ರ ಬೇಡ ಎಂದು ಹೊರಗೆ ತಳ್ಳುವ ನೀರು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ನೋಡಿ. ಪಕ್ಕದ ಗುಂಡಿಗೆ ಇಂಗಿದರೆ ಅದೇ ಫ್ಲೋರೈಡ್ ತಿರುಗಿ ನೆಲಕ್ಕೇ.

ಬೆಂಗಳೂರಿನವರನ್ನು ಮಾತ್ರ ದೂರಿದರೂ ಆಗುವುದಿಲ್ಲ. ಬತ್ತಿದ ತೆರೆದ ಬಾವಿಗೆ ಕಸ, ಕೋಳಿ ತ್ಯಾಜ್ಯ ಸುರಿಯುವುದು, ಬಚ್ಚಲ ನೀರನ್ನು ಫೇಲಾದ ಬೋರಿಗೆ ಬಿಡುವುದು, ಬೋರಿನ ಮಗ್ಗುಲಲ್ಲೇ ಶೌಚಾಲಯದ ಗುಂಡಿ ತೋಡುವುದು, ಅಳತೆಯಿಲ್ಲದೆ ಯೂರಿಯಾ ಎರಚುವುದು - ಇದೆಲ್ಲ ನಮ್ಮೂರಲ್ಲೇ ನಡೀತಿದೆ. ಬತ್ತಿದ ಬಾವಿ ಅಂದರೆ ಅಂತರ್ಜಲಕ್ಕೆ ತೆರೆದ ಬಾಗಿಲು ಕಣ್ರಮ್ಮ. ಸಮಾರಿಯದ ಆ ಹೆಂಗಸು ಸುಡುಬಿಸಿಲಲ್ಲಿ ಯಕೋಬನ ಬಾವಿಗೆ ಬಂದಳಲ್ಲ, ಆ ಬಾವಿಯನ್ನು ತಲೆಮಾರುಗಳು ಕಾಪಾಡಿಕೊಂಡು ಬಂದಿದ್ದರಿಂದಲೇ ಅವಳು ಅಲ್ಲಿ ನೀರು ಸೇದಲು ಬರುವಂತಾಯಿತು. ಶುದ್ಧ ಕುಡಿಯುವ ನೀರು ಎಲ್ಲರ ಮೂಲಭೂತ ಹಕ್ಕು ಎಂದು ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರದಲ್ಲಿ ಬರೆದಿದ್ದರು.

ಹಕ್ಕು ಎಂದಮೇಲೆ ಕೇಳಬೇಕು. 2019ರಲ್ಲಿ ಬಂದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂದಿದೆ. ಗ್ರಾಮದ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ನಿಮ್ಮೂರಲ್ಲಿ ಆ ಐವರು ಯಾರು, ಕಿಟ್ ಯಾವ ಬೀರುವಿನಲ್ಲಿದೆ ಎಂದು ಪಂಚಾಯಿತಿ ಪಿ.ಡಿ.ಓ. ಅವರನ್ನು ಕೇಳಿ. ಒಬ್ಬರೇ ಹೋಗಬೇಡಿ, ಸಂಘದ ಠರಾವು ಬರೆದು ಐದಾರು ಜನ ಸೇರಿ ಹೋಗಿ, ಸ್ವೀಕೃತಿ ತೆಗೆದುಕೊಳ್ಳಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮಳೆ ಮುಗಿದ ಮೇಲೆ ಒಂದು ಸಲ ಪರೀಕ್ಷೆಯಾಗಬೇಕು. ಫಲಿತಾಂಶವನ್ನು ಅಂಗನವಾಡಿ ಗೋಡೆಗೆ ಅಂಟಿಸಬೇಕು.

ಮುಂದಿನ ತಿಂಗಳ ಸಭೆಗೆ ಪ್ರತಿ ಸಂಘದವರೂ ತಮ್ಮೂರಿನ ಕುಡಿಯುವ ನೀರಿನ ಬೋರಿನಿಂದ ಒಂದು ಲೀಟರ್ ನೀರು ತನ್ನಿ. ಮೋಟಾರ್ ಹಾಕಿ ಹತ್ತು ನಿಮಿಷ ನೀರು ಹೋದ ಮೇಲೆ ಹಿಡಿಯಿರಿ. ಬಾಟಲಿಗೆ ಸೋಪು ಹಾಕದೆ ಅದೇ ನೀರಲ್ಲಿ ಮೂರು ಸಲ ಗಲಬರಿಸಿ, ಕಂಠಪೂರ್ತಿ ತುಂಬಿಸಿ. ಮೇಲೆ ಊರ ಹೆಸರು, ಬೋರಿನ ಆಳ, ಕೆರೆಯಿಂದ ಎಷ್ಟು ದೂರ, ಹಿಡಿದ ದಿನಾಂಕ ಬರೆದು ಚೀಟಿ ಅಂಟಿಸಿ. ರೋಗಾಣು ಪರೀಕ್ಷೆಗೆ ಈ ಬಾಟಲಿ ನಡೆಯುವುದಿಲ್ಲ, ಅದಕ್ಕೆ ಪ್ರಯೋಗಾಲಯದವರೇ ಬೇರೆ ಸೀಸೆ ಕೊಡುತ್ತಾರೆ.